ಲಾರ್ಬೋ ಕೋಟೆಯ ಅರವತ್ತು ಬಾಟಲಿಗಳು

ಗಾರೋನ್ ನದಿಯ ದಂಡೆಯ ದಿಬ್ಬಗಳ ಮೇಲೆ ಎಷ್ಟು ಕೋಟೆಗಳಿವೆಯೋ ಅಷ್ಟರಲ್ಲೂ ಒಬ್ಬೊಬ್ಬ ರಾಜ ಮಲಗಿ ಎದ್ದು ಹೋಗಿದ್ದಾನೆ. ಗೈಡುಗಳ ಮಾತು ನಂಬಿದರೆ ನಮ್ಮ ರಾಜರಿಗೆ ಮಲಗುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ನಮ್ಮ ಲಾರ್ಬೋ ಕೋಟೆಯಲ್ಲಿ ಮಾತ್ರ ಯಾವ ರಾಜನೂ ಮಲಗಲಿಲ್ಲ. ಯಾಕೆಂದರೆ ಅಲ್ಲಿ ಗೈಡ್ ಆಗಿದ್ದವಳು ಅರ್ಲೆಟ್.

"ಇಲ್ಲಿ ಮಲಗಿದ್ದು ರಾಜನ ಕುದುರೆ ವೈದ್ಯ," ಎನ್ನುತ್ತಿದ್ದಳು ದೊಡ್ಡ ಮಂಚದ ಮುಂದೆ ನಿಂತು. "ಮೂರು ದಿನ. ಹೊಟ್ಟೆ ಕೆಟ್ಟಿತ್ತು."

ಹೆಬ್ಬಾಗಿಲಿನ ಪಕ್ಕದ ಕಿಟಕಿಯಲ್ಲಿ ಕೂತು ಟಿಕೆಟ್ ಹರಿಯುವವಳು ನಾನು, ಸೊಲಾಂಜ್. ಹತ್ತೊಂಬತ್ತು ವರ್ಷ ಅವಳ ಮಾತು ನನ್ನ ಕಿವಿಗೆ ಬಿದ್ದಿದೆ. ಹೆಬ್ಬಾಗಿಲ ಮೇಲಿನ ಕಂಡಿಗಳನ್ನು ನೋಡಿದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: "ಇಲ್ಲಿಂದ ಶತ್ರುಗಳ ಮೇಲೆ ಕುದಿಯೋ ಎಣ್ಣೆ ಸುರೀತಿದ್ರಂತಲ್ಲ?"

"ಎಣ್ಣೆ ಏನು ಪುಕ್ಕಟೆ ಬರ್ತಿತ್ತಾ ಸ್ವಾಮಿ? ಕಲ್ಲು ಎತ್ತಿ ಹಾಕ್ತಿದ್ರು."

ಬಂದವರ ಮುಖ ಸಪ್ಪಗಾಗುತ್ತಿತ್ತು. ನನಗೆ ತಡೆಯಲಾಗದೆ ಒಮ್ಮೆ ಹೇಳಿದೆ, "ಒಂದು ಚಮಚ ಎಣ್ಣೆ ಸುರಿದ್ರೆ ನಿನ್ನ ಗಂಟೇನು ಹೋಗುತ್ತೆ ಮಾರಾಯ್ತಿ?"

"ಅವ್ರು ಟಿಕೆಟ್ ತಗೊಂಡು ಬಂದಿದಾರೆ ಸೊಲಾಂಜ್. ಸುಳ್ಳು ಅವರ ಊರಲ್ಲೇ ಪುಕ್ಕಟೆ ಸಿಗುತ್ತೆ."

ಅವಳು ಹಾಗೆ. ಸೊಟ್ಟ ಮೂಗು, ಕತ್ತಿಗೆ ಸದಾ ಅದೇ ನೀಲಿ ವಸ್ತ್ರ, ಸೊಂಟದಲ್ಲಿ ಹದಿನೇಳು ಬೀಗದ ಕೈಗಳ ಗೊಂಚಲು. ಮೂವತ್ತು ವರ್ಷದಲ್ಲಿ ಒಂದು ತಾರೀಖನ್ನೂ ತಪ್ಪು ಹೇಳಿದವಳಲ್ಲ. ಶಾಲೆ ಬಿಟ್ಟದ್ದು ಹದಿನಾಲ್ಕಕ್ಕೆ. ಕೋಟೆಯ ಹಳೆಯ ಕಾಗದಗಳನ್ನೆಲ್ಲ ತಾನೇ ಕೂತು, ಕೂಡಿಸಿ ಕೂಡಿಸಿ ಓದಿದವಳು. ತನ್ನ ಮಾತು ನಿಜ ಎನ್ನುವುದೊಂದೇ ಅವಳ ಸೊಕ್ಕು.

ಎಲ್ಲ ಕೋಣೆ, ಗೋಪುರ ಮುಗಿಸಿ ಕೊನೆಗೆ ಅವಳು ಜನರನ್ನು ನೆಲಮಾಳಿಗೆಗೆ ಕರೆದೊಯ್ಯುತ್ತಿದ್ದಳು. ವೈನ್ ಪೀಪಾಯಿಗಳ ಸಾಲು ದಾಟಿದರೆ ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ಅಡ್ಡ ಮಲಗಿಸಿದ ಅರವತ್ತು ಬಾಟಲಿಗಳು, ಮೇಲೊಂದು ಸ್ಲೇಟು: 'ಮೈಲಿಸ್, 1990'. ಮೈಲಿಸ್ ಅವಳ ಒಬ್ಬಳೇ ಮಗಳು. ನಮ್ಮ ಕಡೆ ಮಗು ಹುಟ್ಟಿದ ವರ್ಷದ ವೈನನ್ನು ಅದರ ಮದುವೆಗೆಂದು ಎತ್ತಿಡುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟಬಾರದು, ಅಲುಗಿಸಬಾರದು, ಧೂಳು ಕೂಡ ಒರೆಸಬಾರದು. ಆದರೆ ಅದೆಲ್ಲ ಕೋಟೆಯ ಒಡೆಯರಾದ ದಣಿಗಳ ಮಕ್ಕಳಿಗೆ. ಆಳಿನ ಮಗುವಿಗಾಗಿ ದೊಡ್ಡ ದಣಿ ತಮ್ಮ ಕೈಯಾರೆ ಗೂಡು ತುಂಬಿಸಿದ್ದು ಅದೊಂದೇ ಸಲ. ಅದೂ 1990ರ ವೈನು. ಅಂಥದ್ದು ನಾನು ಬದುಕಿರುವಷ್ಟು ದಿನ ಇನ್ನೊಂದು ಬರಲಾರದು.

"ಇದು ನನ್ನ ಮಗಳದ್ದು," ಎನ್ನುವಾಗ ಅರ್ಲೆಟ್‌ಳ ದನಿ ಮೆತ್ತಗಾಗುತ್ತಿತ್ತು. "ದಣಿಗಳು ಮಾತು ಕೊಟ್ಟು ಇಟ್ಟಿದ್ದು. ಆ ವರ್ಷದ ವೈನು ಇಡೀ ಕೋಟೇಲಿ ಇಷ್ಟೇ ಉಳಿದಿರೋದು." ಯಾರಾದರೂ ಧೂಳಿನ ಮೇಲೆ ಬೆರಳಿಟ್ಟರೆ ಕೈಗೆ ಪಟ್ಟನೆ ಏಟು ಬೀಳುತ್ತಿತ್ತು, ಅದು ಮಂತ್ರಿಯ ಕೈಯಾದರೂ ಸರಿ.

ಅವಳ ಗಂಡ ಜಿಲ್ಬೇರ್ ಅದೇ ನೆಲಮಾಳಿಗೆಯ ಮೇಸ್ತ್ರಿ. ಜನ ಗೂಡಿನ ಹತ್ತಿರ ಬಂದರೆ ಸಾಕು, ಅವನಿಗೆ ಪೀಪಾಯಿಗಳ ಹಿಂದೆ ಏನೋ ಕೆಲಸ ನೆನಪಾಗುತ್ತಿತ್ತು. ನಾಚಿಕೆಯ ಮನುಷ್ಯ ಎಂದುಕೊಂಡಿದ್ದೆವು.

ಮೈಲಿಸ್ ಇಪ್ಪತ್ತೊಂಬತ್ತಕ್ಕೆ, ಟ್ರ್ಯಾಕ್ಟರ್ ರಿಪೇರಿ ಮಾಡುವ ಒಬ್ಬ ಒಳ್ಳೆಯ ಹುಡುಗನನ್ನು ಒಪ್ಪಿದಳು. ಆಗಸ್ಟಿನ ಕೊನೆಯ ಶನಿವಾರ ಮದುವೆ. ಹಳೆಯ ವೈನನ್ನು ಕುಡಿಯುವ ಎರಡು ಮೂರು ದಿನ ಮುಂಚೆ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಬೇಕು, ಮಡ್ಡಿ ತಳಕ್ಕೆ ಇಳಿಯಲಿ ಎಂದು. ಬುಧವಾರ ಮಧ್ಯಾಹ್ನ ಅರ್ಲೆಟ್ ನನ್ನ ಕಿಟಕಿಗೆ ಬಂದು ಗಾಜು ಬಡಿದಳು.

"ಮುಚ್ಚೇ ಅದನ್ನ, ಬಾ. ಮೊದಲನೇ ಬಾಟ್ಲಿ ಎತ್ತುವಾಗ ನೀನೂ ಇರ್ಬೇಕು."

ಕೆನ್ನೆಗೆ ಬಣ್ಣ ಹಚ್ಚಿಕೊಂಡಿದ್ದಳು. ಅವಳ ಹಿಂದೆ ಹದಿನಾಲ್ಕು ಜನ ಪ್ರವಾಸಿಗಳು, ಅವರಿಗೂ ಮದುವೆಯ ಸಂಭ್ರಮ ಅಂಟಿಬಿಟ್ಟಿತ್ತು. ಗೂಡಿನ ಮುಂದೆ ನಿಂತು ಅವಳು ಒಂದು ಬಾಟಲಿಯನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿದಳು. ಮೇಣದ ಬತ್ತಿ ಹಚ್ಚಿ ಅದರ ಕತ್ತಿನ ಹಿಂದೆ ಹಿಡಿದಳು. ಮಡ್ಡಿ ನೋಡುವುದು ಹಾಗೆಯೇ. ಬೆಳಕು ವೈನನ್ನು ಹಾಯ್ದು ಕಡುಗೆಂಪಾಗಿ ಮಿಣುಕಬೇಕು.

ಮಿಣುಕಲಿಲ್ಲ. ಹಸಿರು ಗಾಜಿನಾಚೆ ಬತ್ತಿಯ ದಾರದ ತುದಿ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

"ಇದು ಬಿಳಿ ವೈನಾ ಮೇಡಂ?" ಎಂದ ಒಬ್ಬ.

ಅವಳು ಅದನ್ನು ನೆಟ್ಟಗೆ ನಿಲ್ಲಿಸಿದಳು. ಎರಡನೆಯದನ್ನು ಎತ್ತಿದಳು, ಮೂರನೆಯದನ್ನೂ. ನಾಲ್ಕನೆಯದರ ಅರಗು ಒಡೆದು ಬಿರಡೆ ಕಿತ್ತು ಮೂಸಿ, ನನ್ನ ಕೈಗೆ ಕೊಟ್ಟಳು. ನೀರು. ಹಳೆಯ ನಲ್ಲಿ ನೀರು.

"ಕೋಟೆ ನೋಡಿದ್ದಾಯ್ತು," ಎಂದಳು ಜನರ ಕಡೆ ತಿರುಗಿ. "ಹೋಗುವಾಗ ಮೆಟ್ಟಿಲು ಜೋಪಾನ." ಅವರೆಲ್ಲ ಮೇಲೆ ಹತ್ತಿ ಹೋಗುವವರೆಗೂ ಬತ್ತಿಯ ಬೆಳಕು ಹಿಡಿದಳು. ಆಮೇಲೆ ಕೂಗಿದಳು, "ಜಿಲ್ಬೇರ್!"

ಅವನು ಪೀಪಾಯಿಗಳ ಹಿಂದಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ನಿಂತಿದ್ದ ಬಾಟಲಿಗಳನ್ನು ನೋಡಿದ. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ.

"ದೊಡ್ಡ ದಣಿ ಮಾರಿದ್ರು. ತೊಂಬತ್ತೊಂಬತ್ತರ ಬಿರುಗಾಳೀಲಿ ಗೋಪುರದ ಚಾವಣಿ ಹಾರಿಹೋಯ್ತಲ್ಲ, ಆಗ. ಆ ವರ್ಷದ ಬಾಟ್ಲಿ ಎಲ್ಲಾ ಹೋಯ್ತು, ಇದೂ ಹೋಯ್ತು. ಮದುವೆ ಹೊತ್ತಿಗೆ ಹೇಗಾದ್ರೂ ಹೊಂದಿಸಿ ಕೊಡ್ತೀನಿ, ಅರ್ಲೆಟ್‌ಗೆ ಹೇಳ್ಬೇಡ ಅಂದಿದ್ರು. ಅಷ್ಟರಲ್ಲಿ ಸತ್ತೇ ಹೋದ್ರು."

"ನೀರು ತುಂಬಿದ್ದು?"

"ನಾನೇ. ಬೇರೆ ಖಾಲಿ ಬಾಟ್ಲಿಗಳಿಗೆ ತುಂಬಿ ಇಟ್ಟೆ. ಗೂಡು ಖಾಲಿ ಇದ್ರೆ ನಿನಗೆ ಗೊತ್ತಾಗ್ತಿತ್ತಲ್ಲ."

"ಧೂಳು?"

"ಅದೂ ನಾನೇ."

ಆ ಚಾವಣಿಯನ್ನು ಅವಳು ದಿನಾ ತೋರಿಸುತ್ತಿದ್ದಳು: ಬಿರುಗಾಳಿಗೆ ಹಾರಿದ್ದನ್ನು ನಮ್ಮ ದಣಿಗಳು ಒಂದೇ ವರ್ಷದಲ್ಲಿ ಮತ್ತೆ ಹೊದಿಸಿದರು ಎಂದು, ಹೆಮ್ಮೆಯಿಂದ.

"ಇಪ್ಪತ್ತು ವರ್ಷ, ಜಿಲ್ಬೇರ್," ಎಂದಳು. "ದಿನಕ್ಕೆ ನಾಲ್ಕು ಸಲ ನಾನು ಇಲ್ಲಿ ನಿಂತು ಹೇಳ್ದೆ. ನೀನು ಅಲ್ಲಿ ನಿಂತು ಕೇಳ್ದೆ."

ನನಗೆ ಮೈಯೆಲ್ಲ ಉರಿಯಿತು. "ಅಯ್ಯೋ ದಡ್ಡ, ಮಾಡೋದು ಮಾಡ್ದೆ, ನೀರ್ಯಾಕೋ ತುಂಬಿದೆ? ಯಾವುದಾದ್ರೂ ಸಾದಾ ವೈನ್ ಸುರಿದಿದ್ರೆ ಮದುವೆ ಆದ್ರೂ ಸಾಗ್ತಿತ್ತಲ್ಲ!"

ಜಿಲ್ಬೇರ್ ನನ್ನ ಕಡೆ ನೋಡಿದ ರೀತಿ ಮರೆಯಲಾರೆ. ಅವನಿಗೆ ಅವಮಾನವಾಗಿತ್ತು. "ತೊಂಬತ್ತರ ಗೂಡಲ್ಲಿ ಸಾದಾ ವೈನಾ? ಯಾರಾದ್ರೂ ಕುಡಿದು ತೊಂಬತ್ತು ಅಂದ್ರೆ ಇದೇನಾ ಅಂದ್ರೆ? ಅದಕ್ಕೆ ಮಾತ್ರ ಕೈ ಬರ್ಲಿಲ್ಲ ಸೊಲಾಂಜ್."

ಅರ್ಲೆಟ್ ಮೇಣದ ಬತ್ತಿ ಊದಿ ಆರಿಸಿದಳು. "ವೈನಿಗೆ ಮೋಸ ಮಾಡೋಕೆ ಕೈ ಬರ್ಲಿಲ್ಲ. ನನಗೆ ಮಾಡೋಕೆ ಬಂತು."

ಮದುವೆಗೆ ಪೇಟೆಯ ಸಹಕಾರ ಸಂಘದ ವೈನು ತಂದರು. ಜನ ಕುಡಿದರು, ಕುಣಿದರು, ಬಾತುಕೋಳಿ ಚೆನ್ನಾಗಿದೆ ಎಂದರು. ಮೈಲಿಸ್ ಅಮ್ಮನ ಕೆನ್ನೆಗೆ ಮುತ್ತಿಟ್ಟು, "ಹೋಗ್ಲಿ ಬಿಡಮ್ಮ, ಬಾಟ್ಲಿ ತಾನೇ?" ಎಂದಳು. ಅರ್ಲೆಟ್ ನಕ್ಕಳು. ಆಮೇಲೆ ನನ್ನ ಪಕ್ಕ ಕೂತು, "ಅವಳದ್ದು ಬಾಟ್ಲಿ ಹೋಯ್ತು ಅಷ್ಟೇ. ನಂದು ಮಾತೇ ಹೋಯ್ತು ಕಣೇ," ಎಂದಳು. ಆ ದಿನ ಅವಳು ಗಂಡನ ಜೊತೆ ಕುಣಿಯಲಿಲ್ಲ.

ಮಂಗಳವಾರ ಮತ್ತೆ ಕೆಲಸಕ್ಕೆ ಬಂದಳು. ಹೇಗಿರುತ್ತಾಳೋ ಎಂದು ಮೊದಲ ತಂಡದ ಹಿಂದೆ ನಾನೂ ಇಳಿದು ಹೋದೆ. ಗೂಡಿನ ಮುಂದೆ ನಿಂತು ಅವಳು ಹೇಳಿದಳು:

"ಇಪ್ಪತ್ತು ವರ್ಷ ಇಲ್ಲಿ ನಾನು ಸುಳ್ಳು ಹೇಳಿದೀನಿ. ಇದ್ರಲ್ಲಿ ಇರೋದು ನೀರು. ನನ್ನ ಮಗಳ ಮದುವೆ ವೈನನ್ನ ದಣಿಗಳು ಮಾರ್ಕೊಂಡ್ರು. ನೀರು ತುಂಬಿ, ಮೇಲೆ ಧೂಳು ಚೆಲ್ಲಿ, ನನ್ನ ನಂಬಿಸಿದವನು ಅಗೋ ಅಲ್ಲಿದಾನೆ. ನನ್ನ ಗಂಡ."

ಜನ ಘೊಳ್ಳೆಂದು ನಕ್ಕರು. ಮೂವತ್ತು ವರ್ಷದಲ್ಲಿ ಅವಳ ಮಾತಿಗೆ ಯಾರೂ ಅಷ್ಟು ನಕ್ಕಿರಲಿಲ್ಲ. ಎಲ್ಲರೂ ಪೀಪಾಯಿಗಳ ಕಡೆ ತಿರುಗಿದರು. ಜಿಲ್ಬೇರ್ ಒಂದು ಗಳಿಗೆ ಗರ ಬಡಿದವನಂತೆ ನಿಂತ. ಆಮೇಲೆ ತಲೆಯ ಟೋಪಿ ತೆಗೆದು, ನಾಟಕದವನ ಹಾಗೆ ಬಾಗಿ ನಮಸ್ಕಾರ ಮಾಡಿದ. ಚಪ್ಪಾಳೆ ಬಿತ್ತು. ಏನು ಮಾಡಬೇಕೆಂದು ತೋಚದೆ ಮಾಡಿದನೇನೋ. ನಾನಂತೂ ಕ್ಷಮಿಸಿಲ್ಲ.

ಅರ್ಲೆಟ್ ಚಪ್ಪಾಳೆ ನಿಲ್ಲುವವರೆಗೂ ಕಾದಳು. ಜನರನ್ನು ಮೇಲೆ ಕರೆತಂದು ಬಾಗಿಲವರೆಗೆ ಬಿಟ್ಟಳು. ನಂತರ ಸೊಂಟದ ಗೊಂಚಲು ಬಿಚ್ಚಿ ನನ್ನ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

"ಇನ್ಮೇಲೆ ನೀನೇ ಕರ್ಕೊಂಡು ಹೋಗು ಸೊಲಾಂಜ್. ಎಣ್ಣೆ ಸುರೀಬೇಕು ಅನ್ಸಿದ್ರೆ ಸುರ್ಕೋ."

ಈಗ ನಾನೇ ಗೈಡು. ಅವಳ ಮೇಲಾಣೆ, ಎಣ್ಣೆಯನ್ನು ಇನ್ನೂ ಸುರಿದಿಲ್ಲ. ಆದರೆ ಗೂಡು ಜನಕ್ಕೆ ಇಷ್ಟ, ಹಾಗೇ ಇರಲಿ ಎಂದಿದ್ದಾರೆ ಈಗಿನ ಒಡೆಯರಾದ ಚಿಕ್ಕ ದಣಿ. ಅದರ ಮುಂದೆ ಬಂದಾಗ ನಾನು ಏನೂ ಹೇಳುವುದಿಲ್ಲ. ಜನ ಸ್ಲೇಟು ಓದಿಕೊಂಡು, ಧೂಳು ನೋಡಿ, ಅಬ್ಬಾ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.