ಅಳಿಯ ನಮ್ಮವ

ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದಾಗಿನಿಂದ ಈ ಊರಿನ ಕಬಡ್ಡಿ ಟೀಮು ಸೋಲುವುದನ್ನು ನೋಡುತ್ತಲೇ ಇದ್ದೇನೆ. ಸೋಲಲಿ, ಆಟವೆಂದ ಮೇಲೆ ಅದು ಇದ್ದದ್ದೇ. ನನಗೆ ಮೈ ಉರಿಯುವುದು ಸೋತ ಮೇಲೆ ನಮ್ಮ ಮನೆಯ ಕಟ್ಟೆಯಲ್ಲಿ ನಡೆಯುವ ಮಾತಿಗೆ. ಅಲ್ಲಿ ಟೀಮು ನಡೆಸುವ ಮೂವರು ಕೂಡುತ್ತಾರೆ: ನನ್ನ ಗಂಡ, ನಿವೃತ್ತರಾದ ಡ್ರಿಲ್ ಮಾಸ್ತರರು, ಮೂಲೆಯ ಮೊಬೈಲ್ ಅಂಗಡಿಯ ಭಾಯಿ. ಚಹಾ ಒಳಗಿನಿಂದ ಬರುತ್ತದೆ. ತರುವವಳು ನಾನು.

ಈ ಪಂದ್ಯಾವಳಿಯಲ್ಲಿ ಪ್ರತಿ ಟೀಮು ತನ್ನ ತಾಲ್ಲೂಕಿನವರನ್ನೇ ಆಡಿಸಬೇಕು. ಜೊತೆಗೆ ಹೊರಗಿನವನೊಬ್ಬನನ್ನು ಆರಿಸಿಕೊಳ್ಳಬಹುದು. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಆಯ್ಕೆ. ಇದರ ಮೇಲೆ ಎಲ್ಲರೂ ಒಪ್ಪಿದ ಒಂದು ರೂಢಿಯಿದೆ: ತಾಲ್ಲೂಕಿನ ಹೆಣ್ಣನ್ನು ಮದುವೆಯಾದವನು ಹೊರಗಿನವನಲ್ಲ. ಅಳಿಯ ನಮ್ಮವ. ಅವನನ್ನು ಆರಿಸಬೇಕಿಲ್ಲ, ಕರೆದರೆ ಸಾಕು.

ಹೋದ ವರ್ಷ ಕೊನೆಯ ಸ್ಥಾನ ನಮ್ಮದೇ ಆಗಿದ್ದರಿಂದ ಈ ಸಲ ಮೊದಲ ಆಯ್ಕೆ ಸಿಕ್ಕಿತು. ಕಟ್ಟೆಗೆ ಹಬ್ಬದ ಕಳೆ ಬಂತು.

"ಈ ವರ್ಷ ಕಪ್ಪಿನ ಆಸೆ ಬ್ಯಾಡ್ರಿ. ಟೀಮು ಹೊಸದಾಗಿ ಕಟ್ಟಾಕತ್ತೇವಿ, ಸಬರ್ ಮಾಡಬೇಕು, ತಾಳ್ಮಿ ಬೇಕು," ಎಂದರು ಮಾಸ್ತರರು. ಪ್ರತಿ ವರ್ಷ ಅವರು ಹೇಳುವುದು ಇದನ್ನೇ. ಇಷ್ಟು ವರ್ಷ ಕಟ್ಟಿದ್ದು ಎಲ್ಲಿ ಹೋಯಿತೋ!

"ಸಬರ್ ಗಿಬರ್ ಬಿಡ್ರಿ. ಉದಗೀರದ ರೈಡರ್‌ಗ ತೊಗೊಂಡ್ರ ಇದೇ ವರ್ಷ ಕಪ್ ನಮ್ದು," ಎಂದರು ಭಾಯಿ. ನನ್ನ ಗಂಡ ಇಬ್ಬರಿಗೂ ತಲೆಯಾಡಿಸಿದರು. ಅವರ ತಲೆ ಇರುವುದೇ ಅದಕ್ಕೆ.

ನಾನು ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದವಳು. ನನ್ನ ಅಣ್ಣಂದಿರೆಲ್ಲ ಕಬಡ್ಡಿ ಆಡಿದವರು, ಅವರ ಮೊಣಕಾಲಿಗೆ ಅರಿಶಿನ ಹಚ್ಚಿ ಬೆಳೆದವಳು ನಾನು. ಈ ಊರಿನ ನಮ್ಮ ಟೀಮಿಗೆ ರೈಡರ್‌ಗಳ ಕೊರತೆಯೇ ಇರಲಿಲ್ಲ. ಎದುರಿನವನು ಒಳಗೆ ಬಂದರೆ ಹಿಡಿಯುವವರಿರಲಿಲ್ಲ. ಬೇಮಳಖೇಡದಲ್ಲಿ ಒಬ್ಬನಿದ್ದ. ಮೂಲೆಯಲ್ಲಿ ನಿಂತು ರೈಡರನ ಹಿಮ್ಮಡಿ ಹಿಡಿದನೆಂದರೆ ಬಿಡುತ್ತಿರಲಿಲ್ಲ. ಬೇಮಳಖೇಡ ಈಗ ಚಿಟಗುಪ್ಪ ತಾಲ್ಲೂಕು. ಚಿಟಗುಪ್ಪದ ಟೀಮು ಇರಲಿಲ್ಲವಾದ್ದರಿಂದ ಅವನನ್ನು ಯಾರು ಬೇಕಾದರೂ ಆರಿಸಬಹುದಿತ್ತು. ಚಹಾದ ತಾಟು ಇಡುತ್ತ ಇದನ್ನೇ ಹೇಳಿದೆ.

ಮಾಸ್ತರರು ನಕ್ಕರು. "ವೈನಿ, ನಿಮ್ಮ ತವರು ಹುಮನಾಬಾದ್ ಕಡೀದು. ಅಲ್ಲಿನೋರು ನಮಗ ಖರೇ ಹೇಳ್ತಾರೇನ್ರಿ?"

ಭಾಯಿಯೂ ನಕ್ಕರು. ತಾಳಿ ಕಟ್ಟಿದವರೂ ನಕ್ಕರು! ಆದರೂ ನಾನು ಬಿಡಲಿಲ್ಲ. "ಆ ಉದಗೀರದಾವನ ಹೆಂಡ್ತಿ ನಮ್ಮ ಕಲ್ಯಾಣ ತಾಲ್ಲೂಕಿನ ನಾರಾಯಣಪುರದಾಕಿ ರೀ. ನಾನೇ ಮದವಿಗಿ ಹೋಗಿ ಅಕ್ಕಿಕಾಳು ಹಾಕಿ ಬಂದೀನಿ. ಆತ ಹಾಂಗೇ..."

"ಹೆಂಗಸ್ರ ಬೀಗತನದ ಮಾತು ಆಮ್ಯಾಲ," ಎಂದು ನನ್ನ ಗಂಡ ಮಾತು ಕತ್ತರಿಸಿದರು. "ಚಹಾಕ್ಕ ಸಕ್ರಿ ಕಮ್ಮಿ ಆಗ್ಯಾದ, ನೋಡು."

ಸಕ್ಕರೆ ತಂದೆ. ಇವರಿಗೆ ಬೇಕಾದ್ದು ಅಷ್ಟೇ ತಾನೆ.

ಆಯ್ಕೆ ಹುಮನಾಬಾದಿನಲ್ಲಿ ನಡೆಯಿತು. ಮೂವರೂ ಇಸ್ತ್ರಿ ಅಂಗಿ ತೊಟ್ಟು ಹೋಗಿ, ಉದಗೀರದವನನ್ನು ಆರಿಸಿ, ಶಾಲು ಹೊದಿಸಿಕೊಂಡು ಬಂದರು. ನಮ್ಮ ಹಿಂದೆಯೇ ಹುಮನಾಬಾದಿನವರು ಬೇಮಳಖೇಡದವನನ್ನು ಎತ್ತಿಕೊಂಡರು. ಆ ವಾರ ರೈಡರ್ ನಮ್ಮ ಮನೆಗೆ ಊಟಕ್ಕೆ ಬಂದ. ಒಳ್ಳೆಯ ಮನುಷ್ಯ, ಪಾಪ. ರೊಟ್ಟಿ ಮುರಿಯುತ್ತ ಕೇಳಿದ:

"ನಮ್ಮ ಮಾವನೋರು ನಾರಾಯಣಪುರದಾಗ ಕೇಳಾಕತ್ತಾರ್ರಿ. ಮನಿ ಅಳಿಯಗ ಕಲ್ಯಾಣದೋರು ಆರಿಸಿ ಯಾಕ ತೊಗೊಂಡ್ರು, ಕರದ್ರ ಹಾಂಗೇ ಬರ್ತಿದ್ನಲ್ಲ ಅಂತ."

ನನ್ನ ಗಂಡನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದವರ ಮುಖವನ್ನು ನಾನು ಅಂದು ಕಣ್ಣಾರೆ ಕಂಡೆ. ಆ ಮುಖಕ್ಕೆ ಇನ್ನೊಂದು ರೊಟ್ಟಿ ಬಡಿಸಿದೆ.

ಹುಮನಾಬಾದಿನ ಜೊತೆಗಿನ ಪಂದ್ಯ ನಮ್ಮೂರಿನಲ್ಲೇ ಆಯಿತು. ನಮ್ಮ ಅಳಿಯ ರೈಡಿಗೆ ಹೋದಾಗಲೆಲ್ಲ ಬೇಮಳಖೇಡದವನು ಹಿಮ್ಮಡಿ ಹಿಡಿದು ಕೆಡವಿದ. ನನ್ನ ಪಕ್ಕದಲ್ಲಿದ್ದ ಘಾಟಬೋರಾಳದ ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. ನಮ್ಮೂರು ಸೋಲುತ್ತಿತ್ತು, ನನಗೆ ಅಳು ಬಂತು. ತವರಿನವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೀ ಈಗ ಕಲ್ಯಾಣದಾಕಿ ಆದಿ ಬಿಡವ್ವ," ಎಂದು ಒಬ್ಬಳು ಹೇಳಿಯೂ ಹೇಳಿದಳು.

ಮರುದಿನ ಸಂಜೆ ಕಟ್ಟೆ ಮತ್ತೆ ತುಂಬಿತು. ಮೊದಲ ಸಲ ನನ್ನನ್ನು ಹೊರಗೆ ಕರೆದರು. ಹಿಡಿಯುವವನನ್ನು ಬಿಟ್ಟದ್ದು ತಪ್ಪಾಯಿತು, ಆಟ ನಿಮಗೆ ತಿಳಿಯುತ್ತದೆ ಎನ್ನಬಹುದೆಂದುಕೊಂಡು, ದಡ್ಡಿ ನಾನು, ಸೆರಗು ಸರಿಮಾಡಿಕೊಂಡು ಬಂದೆ.

"ಭಾಭಿ, ಬೀಗತನ ಎಲ್ಲಾ ನಿಮಗ ಗೊತ್ತದ," ಎಂದರು ಭಾಯಿ. "ಮುಂದಿನ ವರ್ಷಕ್ಕ ಹೇಳ್ರಿ, ನಮ್ಮ ತಾಲ್ಲೂಕಿನ ಅಳಿಯಂದಿರು ಎಲ್ಲೆಲ್ಲಿ ಅದಾರ?"

ಅಂದರೆ ಇಷ್ಟೇ. ಆಟದ ಮಾತು ಕೇಳಲು ನಾನು ಹುಮನಾಬಾದಿನವಳು, ಅಳಿಯಂದಿರನ್ನು ಹುಡುಕಿಕೊಡಲು ಮನೆಯವಳು. ಹಬ್ಬಕ್ಕೊಮ್ಮೆ ಬಂದು ಉಂಡು ಹೋಗುವ ಅಳಿಯ ಊರಿನವನಾಗುತ್ತಾನೆ. ಇದೇ ಊರಿನ ನೀರು ಹೊತ್ತು, ಇಲ್ಲೇ ಹೆತ್ತು, ಇದೇ ಊರು ಸೋತರೆ ಅಳುವ ಸೊಸೆ ಆಗುವುದಿಲ್ಲ!

"ಮದಲ ಇದು ಹೇಳ್ರಿ ಮಾಸ್ತರ," ಎಂದೆ. "ನಾನು ಯಾವ ಊರಾಕಿ?"

ಮಾಸ್ತರರು ತಡವರಿಸಿದರು. "ಅಂದ್ರ... ನಿಮ್ಮದು ಘಾಟಬೋರಾಳ ಅಲ್ರೀ ವೈನಿ?"

"ಹೌದ್ರಿ. ಮತ್ತ ಅಳಿಯ ಹೆಂಡ್ತಿ ಊರಾವ, ಹೌದಲ್ರಿ?"

"ಹೌದ್ರಿ, ರೂಢಿನೇ ಅದ."

ನನ್ನ ಗಂಡನ ಮುಂದಿದ್ದ ಚಹಾದ ಕಪ್ಪನ್ನು ಎತ್ತಿಕೊಂಡೆ.

"ಹಂಗಾದ್ರ ಇವರು ಹುಮನಾಬಾದ್ ಟೀಮಿನೋರು. ಇವರಿಗಿ ಕಟ್ಟಿ ಬಿಟ್ಟು ಏಳ್ಲಾಕ ಹೇಳ್ರಿ."