ಗುಡುಗುಡಣ್ಣನ ಕಂಠ

ಮಸ್ತಾನಬಿಯ ಕಂಠ ಹುಟ್ಟಿನಿಂದಲೇ ಒರಟು. ಹೆಣ್ಣು ನೋಡಲು ಬಂದವರು ಅವಳು ಸಲಾಂ ಹೇಳಿದ ಕೂಡಲೇ ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಮೂರನೆಯ ಸಲವೂ ಹೀಗಾದಾಗ ಅವಳು ಮಾತನ್ನೇ ಕಡಿಮೆ ಮಾಡಿಬಿಟ್ಟಳು. ಅಮ್ಮ ತೀರಿಕೊಂಡ ಮೇಲಂತೂ ಕಮಲಾಪುರದ ಆ ಒಂದು ಕೋಣೆಯಲ್ಲಿ ಮಾತಾಡಲು ಯಾರೂ ಉಳಿಯಲಿಲ್ಲ. ಈಗ ಅವಳಿಗೆ ಐವತ್ತೆರಡು. ದಿನಾ ಕಲಬುರಗಿಗೆ ಹೋಗಿ ಸೂಪರ್ ಮಾರ್ಕೆಟ್‌ನ ಅಂಗಡಿಯೊಂದರಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ.

ಆ ಅಂಗಡಿಯ ಮಾಳಿಗೆಯಲ್ಲಿ ವಕಾರ್ ಎಂಬವನ ಸ್ಟುಡಿಯೋ. ಕೇಬಲ್ ಚಾನೆಲ್‌ಗೆ ಅವನೊಂದು ಮಕ್ಕಳ ಧಾರಾವಾಹಿ ಮಾಡುತ್ತಿದ್ದ. ಅದರ ನಾಯಕ ಗುಡುಗುಡಣ್ಣ, ಜೀವಂತ ಟೆಂಪೋ. ಏರು ಬಂದರೆ ಏದುಸಿರು ಬಿಡುತ್ತಾನೆ, ಮಳೆ ಬಂದರೆ ಸೀನುತ್ತಾನೆ. ಈ ಕಡೆಯ ಟೆಂಪೋಗಳಂತೆ ಅವನೂ ಸೀಟು ತುಂಬದೆ ಕದಲುವವನಲ್ಲ. "ಒಂದು ಸೀಟು ಖಾಲಿ ಅದ. ಅವರನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ?" ಅನ್ನುತ್ತಾನೆ. ನಮ್ಮ ಡ್ರೈವರುಗಳ ಹಟಕ್ಕೆ ಕಾರಣ ಬೇರೆ, ಅದು ಬಿಡಿ.

ಮಸ್ತಾನಬಿ ಮೆಟ್ಟಿಲ ಮೇಲೆ ಬೆಕ್ಕನ್ನು ಗದರಿದ್ದು ಕೇಳಿ ವಕಾರ್ ಗುಡುಗುಡಣ್ಣನ ಮಾತಿಗೆ ಅವಳನ್ನೇ ಮೈಕಿನ ಮುಂದೆ ಕೂರಿಸಿದ್ದ. "ಖಾಲಾ, ಯಾರಿಗೂ ಹೇಳಬ್ಯಾಡ್ರಿ. ಟೆಂಪೋನೇ ಮಾತಾಡ್ತದ ಅಂತ ಹುಡುಗ್ರು ನಂಬ್ಯಾವ." ಅವಳು ಹೇಳಲಿಲ್ಲ. ಹೇಳಲಿಕ್ಕೆ ತಾನೇ ಯಾರಿದ್ದರು? ಆದರೂ ಎರಡು ವರ್ಷ ಜೀವಮಾನದ ಮಾತನ್ನೆಲ್ಲ ಆಡಿದಳು, ಸುಖವಾಗಿದ್ದಳು.

ಮೊನ್ನೆ ಮಂಗಳವಾರ ವಕಾರ್ ಧಾರಾವಾಹಿ ನಿಂತಿತೆಂದ. "ಇನ್ನ ಹೇಳಿದ್ರೂ ನಡೀತದ, ಖಾಲಾ."

ಅವಳು ಸೂಜಿದಾರ ಎತ್ತಿಟ್ಟಳು. ಆ ಕಂಠ ತನ್ನದೆಂದು ಒಬ್ಬರಿಗಾದರೂ ಗೊತ್ತಾಗಬೇಕು, ಒಬ್ಬರೇ ಸಾಕು ಎಂದುಕೊಂಡು ಸಂಜೆಯ ಟೆಂಪೋ ಹತ್ತಿದಳು.

ಅವಳ ಮುಂದಿನ ಸೀಟಿನಲ್ಲಿ ಮಹಾಗಾಂವದ ಹಣಮಮ್ಮ, ಮಗ್ಗುಲಲ್ಲಿ ಐದು ವರ್ಷದ ಮೊಮ್ಮಗಳು. ಹುಡುಗಿಯ ಅವ್ವ ಗುಳಿಗೆ ತರಲು ಇಳಿದಿದ್ದಳು. ಡ್ರೈವರ್ ಎಂಜಿನ್ ಹಚ್ಚಿ ಗಾಡಿಯನ್ನು ಹಿಂದೆ ಮುಂದೆ ಆಡಿಸತೊಡಗಿದ. ಹೊರಟೇಬಿಟ್ಟಿತು ಎಂದು ಜನ ಓಡಿ ಬಂದು ಹತ್ತಲೆಂದು ಎಲ್ಲರೂ ಮಾಡುವ ಉಪಾಯ. ಹುಡುಗಿಗೆ ಅದೇನು ಗೊತ್ತು? ಅವ್ವನನ್ನು ಬಿಟ್ಟು ಹೊರಟರೆಂದು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಸಮಾಧಾನ ಮಾಡಿದರೂ ಕೇಳಲಿಲ್ಲ.

ಮಸ್ತಾನಬಿ ಸೆರಗು ಬಾಯಿಗೆ ಅಡ್ಡ ಹಿಡಿದು ಬಗ್ಗಿದಳು. "ಒಂದು ಸೀಟು ಖಾಲಿ ಅದ. ನಿಮ್ಮವ್ವನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ?"

ಅಳು ಗಕ್ಕನೆ ನಿಂತಿತು. ಹುಡುಗಿ ಎಂಜಿನ್ ಕಡೆ ನೋಡಿದಳು, ಟಾಪು ನೋಡಿದಳು. ಹಿಂದೆ ಮಾತ್ರ ತಿರುಗಲಿಲ್ಲ. ಅವ್ವ ಬಂದು ಕುಳಿತಾಗ, "ಗುಡುಗುಡಣ್ಣ ನಿನ್ನ ಸಲುವಾಗಿ ನಿಂತಾನ" ಎಂದಳು.

ಮಹಾಗಾಂವದಲ್ಲಿ ಇಳಿಯುವಾಗ ಹಣಮಮ್ಮ ತಿರುಗಿ ಕೇಳಿದಳು: "ಆಗ ಮಾತಾಡ್ದೋರು ನೀವೇ ಏನ್ರಿ?"

ಬೇಕಾಗಿದ್ದ ಆ ಒಬ್ಬರು ಎದುರಿಗೇ ನಿಂತಿದ್ದರು. ಹೌದು ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ಕತ್ತೆತ್ತಿ ಅವಳ ಬಾಯನ್ನೇ ನೋಡಿದಳು. ಇಲ್ಲ ಅನ್ನಬೇಕೆಂದರೂ ಅದೇ ಕಂಠದಲ್ಲೇ ಅನ್ನಬೇಕು. ಮಸ್ತಾನಬಿ ಬಾಯಿ ಮುಚ್ಚಿ ತಲೆ ಅಲ್ಲಾಡಿಸಿದಳು, ಬೆರಳಿನಿಂದ ಟೆಂಪೋ ತೋರಿಸಿದಳು.

ಹುಡುಗಿ ಇಳಿದು ಬಾಗಿಲ ತಗಡು ತಟ್ಟಿದಳು. "ನಾಳಿಗೂ ಬರ್ತೀ?" ಡ್ರೈವರ್ ಹಾರ್ನ್ ಹೊಡೆದು ಗಾಡಿ ಬಿಟ್ಟ. ಹುಡುಗಿಗೆ ಅಷ್ಟು ಸಾಕಾಯಿತು.

ಕಮಲಾಪುರದಲ್ಲಿ ಕೊನೆಗೆ ಇಳಿದವಳು ಮಸ್ತಾನಬಿ. ಡ್ರೈವರ್ ಚಹಾಕ್ಕೆ ಹೋಗಿದ್ದ. ಅವಳೂ ತಗಡು ತಟ್ಟಿ, "ನಾಳಿಗೂ ಬರ್ತೀ?" ಎಂದು ಕೇಳಿದಳು. ಅದಕ್ಕೆ ಉತ್ತರ ಕೊಡಬೇಕಾದ ಕಂಠ ಅವಳದೊಂದೇ ಆಗಿತ್ತು.