ಬಿಚ್ಚಿ ನೋಡುವವರು

ಚನ್ನಪಟ್ಟಣದ ಆ ಕಂಪ್ಯೂಟರ್ ರಿಪೇರಿಯವರ ಅಂಗಡಿ ಗೊಂಬೆ ಕಡೆಯುವ ಶೆಡ್ಡಿಗೆ ಅಂಟಿಕೊಂಡಿತ್ತು. ಬಿಸಿ ಅರಗಿನ ವಾಸನೆಯೊಂದಿಗೆ ಬಣ್ಣದ ಪುಡಿ ತೇಲಿ ಬಂದು ಕೀಬೋರ್ಡುಗಳ ಮೇಲೆ ಕೂರುತ್ತಿತ್ತು. ಅವರು ಅದನ್ನು ಮೆಲ್ಲಗೆ ಊದಿ, “ಒಸಿ ಬಿಚ್ಚಿ ನೋಡಾನ ಬುಡಿ” ಎನ್ನುತ್ತಿದ್ದರು. ಮೌಸ್ ಕೆಟ್ಟರೂ ಅದೇ ಮಾತು, ಜಗಳವಾದರೂ ಅದೇ ಮಾತು.

ಅವರೊಂದು ಕನ್ನಡ ಟೈಪಿಂಗ್ ಪ್ರೋಗ್ರಾಮ್ ಬರೆದು, ಯಾರು ಬೇಕಾದರೂ ತಿದ್ದಿ ಬಳಸಿ, ನನ್ನ ಹೆಸರು ಮಾತ್ರ ಉಳಿಸಿ ಎಂದು ಇಂಟರ್ನೆಟ್ಟಿನಲ್ಲಿ ಹಂಚಿದ್ದರು. ಯಾರೋ ಒಬ್ಬ ಆ ಹೆಸರನ್ನೇ ಅಳಿಸಿ ತನ್ನದೆಂದು ಹಂಚಿದ. ಅವನಿಗೆ ಖಾರವಾಗಿ ಬರೆಯಿರಿ ಎಂದು ನಾವು ಗೆಳೆಯರೆಲ್ಲ ಕುದಿದೆವು. ಅವರು ಅವನ ಕೋಡ್ ತೆರೆದು, ಮಧ್ಯಾಹ್ನವಿಡೀ ಕನಸಿನಲ್ಲಿದ್ದವರಂತೆ ಓದಿದರು.

“ನಂದೊಂದು ತಪ್ಪ ಸರಿ ಮಾಡವ್ನೆ ಕಣ್ರಪ್ಪ.”

ಆ ತಿದ್ದುಪಡಿಯನ್ನು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಂಡರು. ಅದರ ಪಕ್ಕದಲ್ಲಿ ಅವನ ಹೆಸರು ಬರೆದರು.